ಹೇಳಗೊಡದ ಮಾತು

ಕಥೆಗಾರನಿಗೆ ಒದಗುವ ಕಷ್ಟಗಳು ಎರಡು ಬಗೆಯವು. ಹೇಳಲು ಏನೂ ತೋಚದಿರುವುದು ಒಂದು. ಹೇಳಬೇಕಾದುದು ಎದೆಯಲ್ಲಿ ಕುದಿಯುತ್ತಿದ್ದರೂ ಹೇಳಗೊಡದಿರುವುದು ಇನ್ನೊಂದು. ಮೊದಲನೆಯದಕ್ಕೆ ತಾಳ್ಮೆಯೇ ಮದ್ದು. ಎರಡನೆಯದಕ್ಕೆ ಮದ್ದಿಲ್ಲ, ಉಪಾಯವೊಂದಿದೆ. ರಾಜನಿಗೆ ನೇರವಾಗಿ ಹೇಳಲಾರದ ಬುದ್ಧಿಮಾತನ್ನು ನರಿಯ ಬಾಯಿಂದಲೂ ಎತ್ತಿನ ಬಾಯಿಂದಲೂ ಹೇಳಿಸಿದ ಪಂಚತಂತ್ರದ ಕಾಲದಿಂದ ಆ ಉಪಾಯ ಬಳಕೆಯಲ್ಲಿದೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಮನೆಮನೆಯ ಮೂಲೆಯಲ್ಲಿಯೂ ಟೆಲಿವಿಷನ್ ಪೆಟ್ಟಿಗೆ ಮಿನುಗತೊಡಗಿದ್ದ ಅಮೆರಿಕದಲ್ಲಿ, ಒಬ್ಬ ನಾಟಕಕಾರನು ಅದೇ ಉಪಾಯವನ್ನು ಹಿಡಿಯಬೇಕಾಯಿತು. ಅವನ ಹೆಸರು ರಾಡ್ ಸರ್ಲಿಂಗ್. ‘ದಿ ಟ್ವಿಲೈಟ್ ಝೋನ್’ ಎಂಬ ಅವನ ನಾಟಕಮಾಲೆಯನ್ನು ಬಲ್ಲವರು ಹಲವು ದೇಶಗಳಲ್ಲಿದ್ದಾರೆ. ಆ ಮಾಲೆಯ ಹಿಂದೆ ಹದಿನಾಲ್ಕು ವರ್ಷದ ಬಾಲಕನೊಬ್ಬನ ಸಾವು ಇದೆಯೆಂಬುದನ್ನು ಬಲ್ಲವರು ಅಷ್ಟಿಲ್ಲ.

ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸ್ ನಗರದಲ್ಲಿ, 1924ರ ಡಿಸೆಂಬರ್ 25ರಂದು, ಒಂದು ಯೆಹೂದಿ ಕುಟುಂಬದ ಎರಡನೆಯ ಮಗನಾಗಿ ಅವನು ಹುಟ್ಟಿದನು. ಬೆಳೆದುದು ಅದೇ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ. ತಂದೆ ಅಂಗಡಿಕಾರ. ಆ ಪಟ್ಟಣಕ್ಕೆ ಒಂದು ವಿಶೇಷವಿತ್ತು. ಪಾದರಕ್ಷೆಯ ಕಾರಖಾನೆಯಿಂದ ಸಿರಿವಂತನಾದ ಜಾರ್ಜ್ ಎಫ್. ಜಾನ್ಸನ್ ಎಂಬವನು ಊರ ಉದ್ಯಾನಗಳಲ್ಲಿ ಮರದ ಕುದುರೆಗಳ ತಿರುಗುಣಿಗಳನ್ನು ಹಾಕಿಸಿ, ಅವನ್ನು ಏರುವ ಮಕ್ಕಳಿಂದ ಕಾಸು ಕೇಳಬಾರದೆಂದು ಕಟ್ಟುಮಾಡಿದ್ದನು. ಬೇಸಗೆಯ ಸಂಜೆ, ಬ್ಯಾಂಡಿನ ಸಂಗೀತ, ಬಣ್ಣದ ಕುದುರೆಗಳ ಮೇಲೆ ಸುತ್ತುವ ಮಕ್ಕಳು—ಇಷ್ಟು ಚಿತ್ರ ಬಾಲಕ ರಾಡ್‌ನ ಮನಸ್ಸಿನಲ್ಲಿ ಅಚ್ಚೊತ್ತಿ ಕುಳಿತಿತು. ಮುಂದೆ ಅವನು ಎಷ್ಟು ದೂರ ಹೋದರೂ ಆ ಚಿತ್ರ ಅವನನ್ನು ಬಿಡಲಿಲ್ಲ.

1943ರಲ್ಲಿ ಹೈಸ್ಕೂಲು ಮುಗಿಸಿದವನೇ ಅವನು ಸೈನ್ಯಕ್ಕೆ ಸೇರಿದನು. ಐದಡಿ ನಾಲ್ಕಂಗುಲದ ಕುಳ್ಳ ಹುಡುಗ ಪ್ಯಾರಾಚೂಟಿನಿಂದ ಧುಮುಕುವ ದಳವನ್ನೇ ಆರಿಸಿಕೊಂಡನು; ಶಿಬಿರದಲ್ಲಿ ಮುಷ್ಟಿಯುದ್ಧದ ಕಣಕ್ಕೂ ಇಳಿದು ಮೂಗು ಮುರಿಸಿಕೊಂಡನು. 1944ರಲ್ಲಿ ಫಿಲಿಪ್ಪೀನ್ಸಿನ ಲೇಟೆ ದ್ವೀಪದ ಮಳೆಕಾಡಿನಲ್ಲಿ ಅವನ ದಳ ಜಪಾನೀಯರೊಡನೆ ಕಾದಾಡಿತು. ಅಲ್ಲಿ ಸಾವು ಶತ್ರುವಿನ ಕಡೆಯಿಂದಲೇ ಬರಬೇಕೆಂಬ ನಿಯಮವಿರಲಿಲ್ಲ. ಹಸಿದ ಸೈನಿಕರಿಗಾಗಿ ವಿಮಾನದಿಂದ ಕೆಡವಿದ ಆಹಾರದ ಪೆಟ್ಟಿಗೆಯೊಂದು ಅವನ ಆಪ್ತಮಿತ್ರನ ಮೇಲೆಯೇ ಬಿದ್ದು, ನಗುತ್ತ ನಿಂತಿದ್ದವನು ಕ್ಷಣಾರ್ಧದಲ್ಲಿ ಇಲ್ಲವಾದನು. ಬದುಕಿಸಲೆಂದು ಕಳುಹಿಸಿದ ಅನ್ನವೇ ಕೊಂದಿತು. ಈ ವಿಪರೀತವನ್ನು ಕಣ್ಣಾರೆ ಕಂಡ ಯುವಕನು ಮುಂದೆ ವಿಪರೀತದ ಕಥೆಗಳನ್ನೇ ಬರೆದುದು ಸೋಜಿಗವೇನಲ್ಲ.

ಮೊಣಕಾಲಿಗೆ ಗಾಯ, ಎದೆಯ ಮೇಲೆ ಪದಕಗಳು, ನಿದ್ರೆಯಲ್ಲಿ ದುಃಸ್ವಪ್ನಗಳು—ಇವು ಯುದ್ಧ ಅವನಿಗೆ ಕೊಟ್ಟು ಕಳುಹಿಸಿದ ಉಡುಗೊರೆಗಳು. ಇವುಗಳ ಜೊತೆಗೆ ಒಂದು ನಷ್ಟವೂ ಸೇರಿತು. ಯುದ್ಧ ಮುಗಿದ 1945ರಲ್ಲಿಯೇ, ಮಗನು ದೂರದಲ್ಲಿದ್ದಾಗ, ತಂದೆ ತೀರಿಕೊಂಡನು. ಹಿಂದಿರುಗಿ ಬಂದವನಿಗೆ ಊರಿತ್ತು, ಬೀದಿಯಿತ್ತು, ಉದ್ಯಾನದಲ್ಲಿ ಮರದ ಕುದುರೆಗಳೂ ಇದ್ದುವು. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕಾಗಿದ್ದವನು ಮಾತ್ರ ಇರಲಿಲ್ಲ.

* * *

ಸೈನಿಕರಿಗೆಂದು ಸರಕಾರ ಕೊಟ್ಟ ನೆರವಿನಿಂದ ಅವನು ಓಹಾಯೋ ಸಂಸ್ಥಾನದ ಆಂಟಿಯಕ್ ಕಾಲೇಜನ್ನು ಸೇರಿದನು. ಅಲ್ಲಿಯೇ ಪರಿಚಯವಾದ ಕ್ಯಾರಲ್ ಕ್ರೇಮರ್ ಎಂಬವಳನ್ನು 1948ರಲ್ಲಿ ಮದುವೆಯಾದನು. ಸಂಸಾರಕ್ಕೆ ಹಣ ಸಾಲದಾದಾಗ ಹೊಸ ಪ್ಯಾರಾಚೂಟುಗಳನ್ನು ಪರೀಕ್ಷಿಸಲು ಧುಮುಕಿ ಕೂಲಿ ಪಡೆದುದೂ ಉಂಟು. ಪದವಿಯ ತರುವಾಯ ಸಿನ್ಸಿನ್ನಾಟಿಯ ಪ್ರಸಾರ ಕೇಂದ್ರವೊಂದರಲ್ಲಿ ಸಂಬಳದ ಬರಹಗಾರನಾದನು. ಹಗಲು ಜಾಹೀರಾತುಗಳನ್ನೂ ಹೊಗಳಿಕೆಯ ಕಾರ್ಯಕ್ರಮಗಳನ್ನೂ ಬರೆಯುವುದು. ರಾತ್ರಿ ಊಟದ ಮೇಜಿನ ಮೇಲೆ ತನ್ನ ನಾಟಕಗಳನ್ನು ಬರೆಯುವುದು. ಕಳುಹಿಸಿದವುಗಳಲ್ಲಿ ಬಹುಪಾಲು ಹಿಂದಕ್ಕೆ ಬಂದುವು. ಕಡೆಗೊಂದು ದಿನ ಆ ಸಂಬಳಕ್ಕೆ ಶರಣು ಹೊಡೆದು, ಬರೆವಣಿಗೆಯನ್ನೇ ನಂಬಿ ಬಾಳುವುದೆಂದು ಸತಿಪತಿಗಳು ನಿಶ್ಚಯಿಸಿದರು.

ಆ ಕಾಲದ ಟೆಲಿವಿಷನ್ ನಾಟಕವೆಂದರೆ ಏನೆಂಬುದನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಮೊದಲೇ ಚಿತ್ರೀಕರಿಸಿಟ್ಟು ತೋರಿಸುವ ಪದ್ಧತಿ ಇನ್ನೂ ಬೇರೂರಿರಲಿಲ್ಲ. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ನಟರು ಆಡುತ್ತಿದ್ದಂತೆಯೇ ಲಕ್ಷಾಂತರ ಮನೆಗಳಲ್ಲಿ ಅದು ಕಾಣುತ್ತಿತ್ತು. ಮಾತು ಮರೆತರೆ ಮರೆತದ್ದೇ. ಬಾಗಿಲು ತೆರೆಯದಿದ್ದರೆ ತೆರೆಯದ್ದೇ. ಒಂದು ರಾತ್ರಿ ಆಡಿದ ನಾಟಕ ಮರುದಿನಕ್ಕೆ ಗಾಳಿಯ ಪಾಲು.

1955ರ ಜನವರಿ 12ರಂದು ಸರ್ಲಿಂಗನ ‘ಪ್ಯಾಟರ್ನ್ಸ್’ ಎಂಬ ನಾಟಕ ಪ್ರಸಾರವಾಯಿತು. ಅದಕ್ಕೆ ಮುನ್ನ ಎಪ್ಪತ್ತರಷ್ಟು ನಾಟಕಗಳನ್ನು ಬರೆದಿದ್ದರೂ ಲೋಕ ಅವನನ್ನು ಗುರುತಿಸಿರಲಿಲ್ಲ. ದೊಡ್ಡ ವ್ಯಾಪಾರ ಸಂಸ್ಥೆಯೊಂದರ ಕತೆ ಅದು. ವಯಸ್ಸಾದ, ಕರುಣೆಯುಳ್ಳ ಅಧಿಕಾರಿಯೊಬ್ಬನನ್ನು ಯಜಮಾನನು ದಿನದಿನವೂ ಸಭೆಯಲ್ಲಿ ಅವಮಾನಿಸಿ, ತಾನಾಗಿಯೇ ಹೊರಟುಹೋಗುವಂತೆ ಮಾಡಹೊರಡುತ್ತಾನೆ. ಅವನ ಕುರ್ಚಿಗೆಂದೇ ಕರೆತಂದ ತರುಣನು ಅದನ್ನು ಕಣ್ಣಾರೆ ನೋಡಬೇಕಾಗುತ್ತದೆ. ಮರುದಿನ ಸರ್ಲಿಂಗನ ಮನೆಯ ಫೋನಿಗೆ ವಿರಾಮವಿರಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶಕನು ಆ ನಾಟಕವನ್ನು ಮತ್ತೊಮ್ಮೆ ಆಡಬೇಕೆಂದು ಬರೆದನು. ಆಡಿದ ನಾಟಕವನ್ನು ತಿರುಗಿ ಆಡುವ ವಾಡಿಕೆಯೇ ಇಲ್ಲದ ದಿನಗಳಲ್ಲಿ, ಫೆಬ್ರವರಿ 9ರಂದು ಅದೇ ನಟರು ಸ್ಟುಡಿಯೋಗೆ ಬಂದು ಅದನ್ನು ಎರಡನೆಯ ಬಾರಿ ಆಡಿದರು. ಮುಂದಿನ ವರ್ಷ, 1956ರ ಅಕ್ಟೋಬರ್ 11ರಂದು, ಪೆಟ್ಟು ತಿಂದು ತಿಂದು ಜರ್ಜರಿತನಾದ ಮುಷ್ಟಿಮಲ್ಲನೊಬ್ಬನ ಬಾಳನ್ನು ಕುರಿತ ‘ರೆಕ್ವಿಯಮ್ ಫಾರ್ ಎ ಹೆವಿವೆಯ್ಟ್’ ಪ್ರಸಾರವಾಯಿತು. ಶಿಬಿರದ ಕಣದಲ್ಲಿ ಮೂಗು ಮುರಿಸಿಕೊಂಡ ಅನುಭವ ವ್ಯರ್ಥವಾಗಲಿಲ್ಲ. ಎಮ್ಮಿ ಪ್ರಶಸ್ತಿಗಳು ಸಾಲಾಗಿ ಬಂದುವು, ಬಡತನ ಕಳೆಯಿತು, ಹೆಸರು ಹಬ್ಬಿತು.

* * *

ಹೆಸರು ಬಂದವನಿಗೆ ಮಾತಾಡುವ ಸ್ವಾತಂತ್ರ್ಯವೂ ಬರುತ್ತದೆಂದು ಯಾರಿಗಾದರೂ ತೋರಬಹುದು. ಸರ್ಲಿಂಗನ ಪಾಲಿಗೆ ನಡೆದುದು ಬೇರೆ.

ಆಗಿನ ಅಮೆರಿಕದಲ್ಲಿ ಒಂದು ಗಂಟೆಯ ನಾಟಕದ ಇಡೀ ಖರ್ಚನ್ನು ಯಾವುದಾದರೊಂದು ಕಂಪನಿ ವಹಿಸುತ್ತಿತ್ತು. ಹಣ ಕೊಟ್ಟವನು ನಾಟಕದ ಹಸ್ತಪ್ರತಿಯನ್ನೂ ಓದುತ್ತಿದ್ದನು. ತನ್ನ ಸರಕನ್ನು ಕೊಳ್ಳುವ ಯಾವನಿಗೂ ಬೇಸರವಾಗದಂತೆ ನೋಡಿಕೊಳ್ಳುವುದು ಅವನ ಚಿಂತೆ. ಈ ಚಿಂತೆ ಎಲ್ಲಿಯವರೆಗೆ ಹೋಗುತ್ತಿತ್ತೆಂಬುದನ್ನು ಸರ್ಲಿಂಗನೇ ನಗುತ್ತ, ನೋಯುತ್ತ ಹೇಳುತ್ತಿದ್ದನು. ಸಿಗರೇಟು ಹಚ್ಚುವ ಯಂತ್ರವನ್ನು ಮಾರುವ ಕಂಪನಿ ಹಣ ಕೊಟ್ಟಿದ್ದರೆ, ನಾಟಕದಲ್ಲಿ ಯಾರೂ ಬೆಂಕಿಕಡ್ಡಿ ಕೇಳುವಂತಿಲ್ಲ. ಒಂದು ಮೋಟಾರು ಕಂಪನಿ ಹಣ ಕೊಟ್ಟಾಗ, ಹಿನ್ನೆಲೆಯ ಪರದೆಯಲ್ಲಿದ್ದ ಎದುರಾಳಿ ಕಂಪನಿಯ ಹೆಸರಿನ ಗಗನಚುಂಬಿ ಕಟ್ಟಡವನ್ನೇ ಅಳಿಸಿಹಾಕಿದರು. 1959ರಲ್ಲಿ ನಾಜಿಗಳ ವಿಚಾರಣೆಯನ್ನು ಕುರಿತು ಬೇರೊಬ್ಬರು ಬರೆದ ‘ಜಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಪ್ರಸಾರವಾದಾಗ, ಒಲೆಯ ಅನಿಲವನ್ನು ಮಾರುವವರು ಹಣ ಕೊಟ್ಟಿದ್ದರೆಂಬ ಕಾರಣಕ್ಕೆ, ಯೆಹೂದಿಗಳನ್ನು ಕೊಂದ ವಿಷಾನಿಲದ ಕೋಣೆಗಳ ಮಾತು ಬಂದಾಗಲೆಲ್ಲ ಧ್ವನಿಯನ್ನು ಅಡಗಿಸಿದರು. ನಟರ ತುಟಿ ಅಲುಗಿತು, ಪದ ಕೇಳಿಸಲಿಲ್ಲ.

ಇವೆಲ್ಲ ನಗೆಗೆ ವಸ್ತು. ನಗಲಾಗದ ಪ್ರಸಂಗವೊಂದು ಇದಕ್ಕೆ ಮೊದಲೇ ನಡೆದಿತ್ತು.

1955ರ ಆಗಸ್ಟಿನಲ್ಲಿ ಷಿಕಾಗೋ ನಗರದ ಕಪ್ಪು ಜನಾಂಗದ ಬಾಲಕ ಎಮ್ಮೆಟ್ ಟಿಲ್, ಬಂಧುಗಳನ್ನು ನೋಡಲೆಂದು ದಕ್ಷಿಣದ ಮಿಸಿಸಿಪಿ ಸಂಸ್ಥಾನಕ್ಕೆ ಹೋಗಿದ್ದನು. ವಯಸ್ಸು ಹದಿನಾಲ್ಕು. ಅಂಗಡಿಯೊಂದರಲ್ಲಿ ಬಿಳಿಯ ಹೆಂಗಸಿನೊಡನೆ ಮರ್ಯಾದೆ ಮೀರಿದನೆಂಬ ಆಪಾದನೆ ಹೊರಿಸಿ, ಇಬ್ಬರು ಬಿಳಿಯರು ರಾತ್ರಿಯಲ್ಲಿ ಅವನನ್ನು ಮನೆಯಿಂದ ಎಳೆದೊಯ್ದು, ಹಿಂಸಿಸಿ ಕೊಂದು, ನದಿಗೆ ಎಸೆದರು. ಗುರುತು ಸಿಗದಂತೆ ವಿಕಾರಗೊಂಡಿದ್ದ ಮಗನ ದೇಹವನ್ನು ತಾಯಿ ಮೇಮಿ ಟಿಲ್ ತೆರೆದ ಪೆಟ್ಟಿಗೆಯಲ್ಲಿಯೇ ಇರಿಸಿ, ತನ್ನ ಮಗನಿಗೆ ಏನು ಮಾಡಿದರೆಂಬುದನ್ನು ಲೋಕವೇ ನೋಡಲೆಂದಳು. ಸಹಸ್ರಾರು ಮಂದಿ ಸಾಲುಗಟ್ಟಿ ನೋಡಿದರು. ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. ಬಿಳಿಯರೇ ತುಂಬಿದ್ದ ಪಂಚಾಯಿತರು ಒಂದು ಗಂಟೆಯಷ್ಟು ಹೊತ್ತು ಒಳಗೆ ಕುಳಿತು, ಹೊರಬಂದು ಆಪಾದಿತರು ನಿರ್ದೋಷಿಗಳೆಂದರು. ಮುಂದಿನ ವರ್ಷದ ಆರಂಭದಲ್ಲಿ ಆ ಇಬ್ಬರೂ ಪತ್ರಿಕೆಯೊಂದರಿಂದ ಹಣ ಪಡೆದು, ಕೊಂದವರು ತಾವೇ ಎಂದು ಒಪ್ಪಿಕೊಂಡರು. ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿರಲಿಲ್ಲ.

ಸರ್ಲಿಂಗನು ಇದನ್ನು ಬರೆಯಲೇಬೇಕೆಂದು ನಿಶ್ಚಯಿಸಿದನು. ಕೊಂದವರಿಗಿಂತಲೂ, ಕೊಂದವರೆಂದು ತಿಳಿದೂ ಅವರನ್ನು ಸುತ್ತುಗಟ್ಟಿ ಕಾಪಾಡಿದ ಊರು ಅವನನ್ನು ಕಾಡಿತು. ಇದ್ದುದನ್ನು ಇದ್ದಂತೆ ಬರೆದರೆ ಯಾರೂ ಮುಟ್ಟಲಾರರೆಂಬುದು ಅವನಿಗೆ ಗೊತ್ತಿತ್ತು. ಆದುದರಿಂದ ಕಪ್ಪು ಬಾಲಕನ ಜಾಗದಲ್ಲಿ ಒತ್ತೆ ವ್ಯಾಪಾರದ ಮುದುಕ ಯೆಹೂದಿಯೊಬ್ಬನನ್ನು ಇರಿಸಿದನು. ಇಷ್ಟು ಬಿಟ್ಟುಕೊಟ್ಟ ಮೇಲೆ ಉಳಿದುದನ್ನಾದರೂ ಉಳಿಸಿಯಾರೆಂದು ನಂಬಿದನು. ಅಷ್ಟರಲ್ಲಿ ಈ ನಾಟಕದ ಮೂಲ ಟಿಲ್ ಬಾಲಕನ ಕೊಲೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ದಕ್ಷಿಣದ ಬಿಳಿಯರ ಸಂಘಗಳಿಂದ ಪ್ರತಿಭಟನೆಯ ಕಾಗದಗಳು ಪ್ರವಾಹದಂತೆ ಬಂದುವು. ಕೂಡಲೇ ಕತ್ತರಿ ಕೆಲಸಕ್ಕೆ ತೊಡಗಿತು. ಸತ್ತವನು ಯಾವ ದೇಶದವನೆಂದೂ ತಿಳಿಯದ ಪರದೇಶಿಯಾದನು. ದಕ್ಷಿಣದ ಊರು ಉತ್ತರದ ನ್ಯೂ ಇಂಗ್ಲೆಂಡಿಗೆ ಪ್ರಯಾಣ ಬೆಳೆಸಿತು. ಮೇಜಿನ ಮೇಲಿದ್ದ ಕೋಕಾ-ಕೋಲಾ ಸೀಸೆ ಕೂಡ ದಕ್ಷಿಣದ ನೆನಪು ತಂದೀತೆಂದು ಮಾಯವಾಯಿತು. 1956ರ ಏಪ್ರಿಲ್ 25ರಂದು ‘ನೂನ್ ಆನ್ ಡೂಮ್ಸ್‌ಡೇ’ ಎಂಬ ಹೆಸರಿನಿಂದ ಪ್ರಸಾರವಾದ ವಸ್ತುವಿನಲ್ಲಿ ಮಿಸಿಸಿಪಿಯ ನದಿಯೂ ಇರಲಿಲ್ಲ, ತಾಯಿಯೂ ಇರಲಿಲ್ಲ, ಬಾಲಕನೂ ಇರಲಿಲ್ಲ.

ಅವನು ಬಿಡಲಿಲ್ಲ. ಎರಡು ವರ್ಷ ಬಿಟ್ಟು ಅದೇ ಕೊಲೆಯನ್ನು ಮತ್ತೆ ಬರೆದನು. ಈ ಬಾರಿ ಕಥೆಯನ್ನು ಹತ್ತೊಂಬತ್ತನೆಯ ಶತಮಾನಕ್ಕೆ ತಳ್ಳಬೇಕೆಂದರು, ಸತ್ತವನು ಮೆಕ್ಸಿಕೋದವನಾಗಬೇಕೆಂದರು. 1958ರ ಜೂನ್ 19ರಂದು ‘ಎ ಟೌನ್ ಹ್ಯಾಸ್ ಟರ್ನ್ಡ್ ಟು ಡಸ್ಟ್’ ಪ್ರಸಾರವಾಯಿತು. ಊರು ಧೂಳಾಯಿತೆಂಬುದು ಆ ಹೆಸರಿನ ಅರ್ಥ. ತನ್ನ ನಾಟಕವೇ ಧೂಳಾಯಿತೆಂದು ಅವನಿಗೆ ಅನಿಸಿದ್ದರೆ ತಪ್ಪಿಲ್ಲ.

* * *

ಇದೇ ದಿನಗಳಲ್ಲಿ ಅವನಿಗೆ ಇನ್ನೊಂದು ಅನುಭವವೂ ಆಗಿತ್ತು. ಶಾಸನಸಭೆಯ ಸದಸ್ಯರನ್ನು ಕುರಿತು ಒಂದು ನಾಟಕ ಬರೆದಿದ್ದನು. ಅವರು ನಾಟಕದುದ್ದಕ್ಕೂ ಮಾತಾಡಬಹುದು. ಆದರೆ ಅಂದಿನ ಯಾವ ಪ್ರಶ್ನೆಯನ್ನೂ, ಯಾವ ಪಕ್ಷವನ್ನೂ ಹೆಸರಿಸುವಂತಿರಲಿಲ್ಲ. ಆ ನಾಟಕವನ್ನು ಮುಂದಿನ ಶತಮಾನಕ್ಕೆ ಸಾಗಿಸಿ, ಸದಸ್ಯರ ಬದಲು ಯಂತ್ರಮಾನವರನ್ನು ತುಂಬಿದ್ದರೆ ಇದಕ್ಕಿಂತ ಹೆಚ್ಚಿನ ನಿಜವನ್ನು ಹೇಳಬಹುದಾಗಿತ್ತೆಂದು ಅವನು 1957ರಲ್ಲಿ ತನ್ನ ನಾಟಕಸಂಗ್ರಹದ ಮುನ್ನುಡಿಯಲ್ಲಿ ಕಹಿಯಾಗಿ ಬರೆದನು. ಕಹಿಯಾಗಿ ಆಡಿದ ಮಾತೇ ಮುಂದೆ ದಾರಿಯಾಯಿತು.

1959ರ ಅಕ್ಟೋಬರ್ 2ರಂದು ‘ದಿ ಟ್ವಿಲೈಟ್ ಝೋನ್’ ಆರಂಭವಾಯಿತು. ಮುಸ್ಸಂಜೆಯ ಸೀಮೆ ಎಂಬುದು ಅದರ ಅರ್ಥ. ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಹೊತ್ತು. ಅಂತರಿಕ್ಷದ ನೌಕೆಗಳು, ಮಾತಾಡುವ ಯಂತ್ರಗಳು, ಕಾಲದ ಹಿಂದಕ್ಕೆ ನಡೆದುಹೋಗುವ ಮನುಷ್ಯರು, ಮೃತ್ಯುವನ್ನು ಮಾತಿನಿಂದ ಮರುಳುಗೊಳಿಸುವ ವ್ಯಾಪಾರಿ. ಪ್ರತಿಯೊಂದೂ ಬೇರೆ ಬೇರೆ ಕತೆ, ಹೆಚ್ಚಿನವು ಅರ್ಧ ಗಂಟೆಯವು. ಕತೆಯ ಮುನ್ನ ಕಪ್ಪು ಸೂಟು ಧರಿಸಿದ, ಕೈಯಲ್ಲಿ ಸಿಗರೇಟು ಹಿಡಿದ ಸಣ್ಣ ಆಳೊಬ್ಬನು ನಿಂತು, ತುಟಿ ಬಿಗಿದು ನಾಲ್ಕು ಮಾತಾಡಿ ಮರೆಯಾಗುವನು, ಅವನೇ ಸರ್ಲಿಂಗ್. ಪ್ರಾರಂಭಕ್ಕೆ ಕೆಲವೇ ದಿನ ಮುಂಚೆ, ಮೈಕ್ ವಾಲೆಸ್ ಎಂಬ ಹೆಸರಾಂತ ಸಂದರ್ಶಕನು, ಹಾಗಾದರೆ ಟೆಲಿವಿಷನ್ನಿಗಾಗಿ ಮಹತ್ತ್ವದ್ದನ್ನು ಬರೆಯುವ ಆಸೆಯನ್ನು ಈತ ಬಿಟ್ಟಂತಾಯಿತಲ್ಲವೆ ಎಂಬ ಅರ್ಥದ ಪ್ರಶ್ನೆ ಹಾಕಿದ್ದನು. ಜಗಳಾಡಿ ಸಾಕಾದವನಂತೆ ಸರ್ಲಿಂಗನು ಆ ಮಾತಿಗೆ ಹೂಂಗುಟ್ಟಿದ್ದನು. ಜಾಹೀರಾತುದಾರರು ನಿಶ್ಚಿಂತರಾಗಿರಬೇಕು.

ಮುಂದಿನ ವರ್ಷದ ಮಾರ್ಚ್ 4ರಂದು ಅವನು ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’ ಎಂಬ ಕತೆಯನ್ನು ಹೇಳಿದನು. ನೆರೆಹೊರೆಯವರು ಅನ್ಯೋನ್ಯವಾಗಿರುವ ಒಂದು ಬೀದಿ. ಶನಿವಾರದ ಸಂಜೆ ಆಕಾಶದಲ್ಲಿ ಏನೋ ಬೆಳಕು ಹಾದುಹೋಗಿ, ವಿದ್ಯುತ್ತು ನಿಂತು, ಮೋಟಾರುಗಳೂ ಫೋನುಗಳೂ ಕೆಡುತ್ತವೆ. ಕಥೆಪುಸ್ತಕಗಳ ಹುಚ್ಚಿನ ಹುಡುಗನೊಬ್ಬನು, ಬೇರೆ ಲೋಕದವರು ದಾಳಿಗೆ ಮುನ್ನ ಮನುಷ್ಯರ ವೇಷದಲ್ಲಿ ತಮ್ಮವರನ್ನು ಕಳುಹಿಸುವರೆನ್ನುತ್ತಾನೆ. ಅಷ್ಟು ಸಾಕಾಯಿತು. ಒಬ್ಬನ ಮೋಟಾರು ತಾನಾಗಿ ಗುಡುಗುಟ್ಟಿದರೆ ಅವನ ಮೇಲೆ ಕಣ್ಣು. ಒಬ್ಬನು ರಾತ್ರಿ ನಿದ್ರೆ ಬಾರದೆ ನಕ್ಷತ್ರ ನೋಡುತ್ತಿದ್ದನೆಂದರೆ ಅವನ ಮೇಲೆ ಕಣ್ಣು. ಪಕ್ಕದ ಬೀದಿಯನ್ನು ನೋಡಿಬರಲು ಹೋಗಿದ್ದ ನೆರೆಯವನು ಕತ್ತಲೆಯಲ್ಲಿ ನಡೆದು ಬರುತ್ತಿದ್ದಾಗ, ರಾಕ್ಷಸನೇ ಬಂದನೆಂದು ಕೋವಿ ಹಾರಿಸಿ ಅವನನ್ನು ಕೊಲ್ಲುತ್ತಾರೆ. ಆಮೇಲೆ ಕಲ್ಲು, ಕಿರುಚಾಟ. ಗುಡ್ಡದ ಮೇಲೆ ಕುಳಿತ ಪರಲೋಕದವರಿಬ್ಬರು ನೋಡುತ್ತಿರುತ್ತಾರೆ. ಅವರು ಒಂದೆರಡು ಗುಂಡಿಗಳನ್ನು ಒತ್ತಿದ್ದಾರೆ, ಅಷ್ಟೆ. ಉಳಿದ ಕೆಲಸವನ್ನು ಮನುಷ್ಯರೇ ಮುಗಿಸಿದ್ದಾರೆ.

ಇದು ಯಾವ ಊರು? ಯಾವ ಜನಾಂಗ? ಯಾರಿಗೂ ಬೇಸರವಾಗುವಂತಹ ಒಂದು ಪದವೂ ಇಲ್ಲ. ಆದರೆ ಎಮ್ಮೆಟ್ ಟಿಲ್‌ನನ್ನು ಕೊಂದವರನ್ನು ಸುತ್ತುಗಟ್ಟಿದ್ದ ಊರಿನೊಳಗೆ ಕೆಲಸ ಮಾಡಿದ ಭಯವೂ ದ್ವೇಷವೂ ಇಲ್ಲಿ ಎಳೆಎಳೆಯಾಗಿ ಬಿಚ್ಚಿಕೊಂಡಿವೆ. ಮಿಸಿಸಿಪಿಯ ಊರನ್ನು ಮಿಸಿಸಿಪಿಯ ಊರೆಂದೇ ತೋರಿಸಿದ್ದರೆ, ಉತ್ತರದವನು ಅದು ತನ್ನ ಮಾತಲ್ಲವೆಂದು ನೆಮ್ಮದಿಯಿಂದ ನಿದ್ರೆ ಹೋಗುತ್ತಿದ್ದನು. ಈ ಬೀದಿ ಎಲ್ಲಿಯೂ ಇಲ್ಲದ್ದರಿಂದ ಎಲ್ಲರ ಮನೆಯ ಮುಂದೆಯೂ ಹಾದುಹೋಯಿತು.

ಉಪಾಯ ಪೂರ್ತಿಯಾಗಿ ರಕ್ಷಿಸಿತೆಂದಲ್ಲ. 1959ರ ಡಿಸೆಂಬರಿನಲ್ಲಿ ಪ್ರಸಾರವಾದ ಒಂದು ಕತೆ ಇಂಗ್ಲಿಷರ ಹಡಗಿನಲ್ಲಿ ನಡೆಯುತ್ತದೆ. ಅಲ್ಲಿ ನಾವಿಕನು ಚಹಾ ಕೇಳುವಂತಿರಲಿಲ್ಲ. ಹಣ ಕೊಟ್ಟವರು ಕಾಫಿ ಮಾರುವವರು. ಸರ್ಲಿಂಗನು ಚಹಾವನ್ನು ಬಿಟ್ಟುಕೊಟ್ಟನು. ಬಿಟ್ಟುಕೊಡಬಹುದಾದುದು ಯಾವುದು, ಬಿಟ್ಟುಕೊಡಲಾಗದುದು ಯಾವುದು ಎಂಬುದನ್ನು ಅಷ್ಟು ಹೊತ್ತಿಗೆ ಅವನು ಕಲಿತಿದ್ದನು.

ಮಾಲೆಯ ಎಲ್ಲ ಕತೆಗಳೂ ಸಮಾಜದ ರೋಗಗಳನ್ನು ಕುರಿತವಲ್ಲ. ಮೊದಲ ತಿಂಗಳಲ್ಲಿಯೇ ಬಂದ ‘ವಾಕಿಂಗ್ ಡಿಸ್ಟನ್ಸ್’ ಕತೆಯಲ್ಲಿ, ಜಾಹೀರಾತಿನ ವ್ಯವಹಾರದಲ್ಲಿ ಬೆಂದ ಮೂವತ್ತಾರು ವರ್ಷದವನೊಬ್ಬನು ಮೋಟಾರನ್ನು ರಿಪೇರಿಗೆ ಬಿಟ್ಟು, ಹತ್ತಿರದಲ್ಲಿಯೇ ಇದ್ದ ಹುಟ್ಟೂರಿಗೆ ನಡೆದುಹೋಗುತ್ತಾನೆ. ಅಲ್ಲಿ ಇನ್ನೂ ಅವನ ಬಾಲ್ಯವೇ ನಡೆಯುತ್ತಿದೆ. ತಂದೆತಾಯಿ ಬದುಕಿದ್ದಾರೆ, ತಾನೇ ಹುಡುಗನಾಗಿ ಮರದ ಕುದುರೆಯ ಮೇಲೆ ಕುಳಿತಿದ್ದಾನೆ. ಕೂಗಿ ಹತ್ತಿರ ಹೋದರೆ ಬೆದರಿದ ಹುಡುಗ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಕಡೆಗೆ ತಂದೆಯೇ ಬಂದು, ಈ ಬೇಸಗೆ ಆ ಹುಡುಗನದೆಂದೂ, ನಿನ್ನ ಕಾಲದಲ್ಲಿಯೂ ಹುಡುಕಿದರೆ ಸುಖ ಸಿಕ್ಕೀತೆಂದೂ ಮೆಲ್ಲನೆ ತಿಳಿಹೇಳಿ ಕಳುಹಿಸುತ್ತಾನೆ. ಹಿಂದಿರುಗಿದವನು ಕುಂಟುತ್ತಾನೆ. ಮೊಣಕಾಲಿಗೆ ಗಾಯ ಹೊತ್ತು ತಂದೆಯಿಲ್ಲದ ಮನೆಗೆ ಹಿಂದಿರುಗಿದ ಸೈನಿಕನು ಆ ಸಂಭಾಷಣೆಯನ್ನು ಬರೆದನೆಂಬುದನ್ನು ನೆನೆದರೆ, ಅವನ ಸ್ವಂತ ದುಃಖಕ್ಕೂ ಈ ಕಟ್ಟುಕಥೆಯ ಮರೆ ಬೇಕಾಗಿತ್ತೆಂದು ಅರಿವಾಗುತ್ತದೆ.

ಐದು ವರ್ಷಗಳಲ್ಲಿ 156 ಕತೆಗಳು ಪ್ರಸಾರವಾದುವು; ಅವುಗಳಲ್ಲಿ 92ನ್ನು ಸರ್ಲಿಂಗನೊಬ್ಬನೇ ಬರೆದನು. ರಿಚರ್ಡ್ ಮ್ಯಾಥಿಸನ್, ಚಾರ್ಲ್ಸ್ ಬೋಮಾಂಟ್ ಮೊದಲಾದವರು ಉಳಿದವುಗಳಲ್ಲಿ ಹಲವನ್ನು ಬರೆದರು. 1961ರಲ್ಲಿ, ಡಾಖೌ ಶಿಬಿರಕ್ಕೆ ಹಳೆಯ ನೆನಪಿನ ಸುಖಕ್ಕಾಗಿ ಹಿಂದಿರುಗಿದ ನಾಜಿ ಅಧಿಕಾರಿಯನ್ನು ಸತ್ತವರೇ ವಿಚಾರಣೆಗೆ ಗುರಿಮಾಡುವ ಕತೆ ಬಂದಿತು. 1964ರ ಮಾರ್ಚಿನಲ್ಲಿ ಬಂದ ಇನ್ನೊಂದರಲ್ಲಿ, ಒಬ್ಬನನ್ನು ಗಲ್ಲಿಗೇರಿಸುವ ದಿನ ಆ ಊರಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ; ಜನರ ದ್ವೇಷವೇ ಕತ್ತಲೆಯಾಗಿ ಕವಿಯುತ್ತದೆ. ಕತ್ತಲೆ ಬೇರೆ ಎಲ್ಲೆಲ್ಲಿ ಇಳಿಯಿತೆಂಬುದನ್ನು ಕೊನೆಯಲ್ಲಿ ರೇಡಿಯೋ ಹೇಳುತ್ತದೆ. ಕೆನೆಡಿ ಹತನಾದ ಡಲ್ಲಾಸ್, ಬರ್ಲಿನ್ನಿನ ಗೋಡೆ, ಹಿಂದಿನ ವರ್ಷವಷ್ಟೇ ಚರ್ಚಿನಲ್ಲಿ ಕಪ್ಪು ಜನಾಂಗದ ನಾಲ್ವರು ಬಾಲೆಯರು ಬಾಂಬಿಗೆ ಬಲಿಯಾಗಿದ್ದ ಅಲಬಾಮದ ಬರ್ಮಿಂಗ್‌ಹ್ಯಾಮ್. ಎಂಟು ವರ್ಷ ಹಿಂದೆ ಒಂದು ಸೀಸೆಯ ಮೂಲಕವೂ ದಕ್ಷಿಣವನ್ನು ನೆನೆಯಗೊಡದಿದ್ದ ಪರದೆಯ ಮೇಲೆ ಈಗ ದಕ್ಷಿಣದ ಊರುಗಳೇ ಹೆಸರು ಹಿಡಿದು ಬಂದುವು. ಕಟ್ಟುಕಥೆ ತನ್ನ ಬೆನ್ನಿನ ಮೇಲೆ ನಿಜವನ್ನು ಕೂರಿಸಿಕೊಂಡು ಗಡಿ ದಾಟಿತ್ತು.

* * *

ಆ ವರ್ಷದ ಜೂನ್ ತಿಂಗಳಲ್ಲಿ ಮಾಲೆ ನಿಂತಿತು. ಅದರ ಮೇಲಿನ ತನ್ನ ಹಕ್ಕನ್ನು ಸರ್ಲಿಂಗನು ಪ್ರಸಾರ ಸಂಸ್ಥೆಗೆ ಮಾರಿಬಿಟ್ಟನು. ಮರುಪ್ರಸಾರದಿಂದ ಅದು ಎಷ್ಟೊಂದು ಗಳಿಸೀತೆಂಬುದು ಅವನಿಗೆ ಹೊಳೆಯಲಿಲ್ಲ.

ಮುಂದಿನ ಹತ್ತು ವರ್ಷಗಳು ಏರಿಳಿತದವು. ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಲನಚಿತ್ರದ ಚಿತ್ರಕಥೆಯಲ್ಲಿ ಅವನ ಕೈಯಿತ್ತು. ಅದು 1968ರಲ್ಲಿ ತೆರೆಕಂಡಿತು. 1970ರಲ್ಲಿ ಆರಂಭವಾದ ‘ನೈಟ್ ಗ್ಯಾಲರಿ’ ಎಂಬ ಮಾಲೆಗೆ ಮುಖ ಅವನದು, ಅಧಿಕಾರ ಬೇರೆಯವರದು. ಅದರಿಂದ ಬಹಳ ನೊಂದನು. ಜಾಹೀರಾತುದಾರರೊಡನೆ ಅಷ್ಟು ಸೆಣಸಿದವನು ತಾನೇ ಹತ್ತಾರು ಸರಕುಗಳಿಗೆ ಜಾಹೀರಾತು ಹೇಳಿದುದನ್ನು ಮಿತ್ರರೂ ಟೀಕಿಸಿದರು. ಹಿಂದೆ ತನ್ನ ಕತೆಗಳ ಕೊನೆಯಲ್ಲಿ ಅವನು ಸಿಗರೇಟನ್ನೂ ಹೊಗಳಿದ್ದನು. ದಿನಕ್ಕೆ ಮೂರು ನಾಲ್ಕು ಪ್ಯಾಕು ಸೇದುವವನಾದುದರಿಂದ ಆ ಹೊಗಳಿಕೆಯಲ್ಲಿ ಸುಳ್ಳಿರಲಿಲ್ಲ.

ಅವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸಿದುದು ಬೇರೊಂದು. 1966ರ ಡಿಸೆಂಬರ್ 13ರಂದು ಅವನ ‘ದಿ ಡೂಮ್ಸ್‌ಡೇ ಫ್ಲೈಟ್’ ಪ್ರಸಾರವಾಯಿತು. ವಿಮಾನವು ಒಂದು ಎತ್ತರಕ್ಕಿಂತ ಕೆಳಗಿಳಿದರೆ ಸಿಡಿಯುವ ಬಾಂಬನ್ನು ಅಡಗಿಸಿ ಹಣ ಕೀಳುವವನ ಕತೆ. ಇದರಲ್ಲಿ ಮುಸ್ಸಂಜೆಯ ಮರೆಯಿರಲಿಲ್ಲ. ನಡೆಯಬಹುದಾದುದನ್ನು ನಡೆಯುವಂತೆಯೇ ಬರೆದಿದ್ದನು. ಪ್ರಸಾರದ ಬೆನ್ನಹಿಂದೆಯೇ ವಿಮಾನ ಕಂಪನಿಗಳಿಗೆ ಬೆದರಿಕೆಯ ಕರೆಗಳು ಬಂದುವು. 1971ರಲ್ಲಿ ಆಸ್ಟ್ರೇಲಿಯದ ಕಂಪನಿಯೊಂದು ಇಂತಹುದೇ ಹೂಟಕ್ಕೆ ಸಿಕ್ಕಿ ಐದು ಲಕ್ಷ ಡಾಲರು ತೆತ್ತಿತು; ವಿಮಾನದಲ್ಲಿ ಬಾಂಬೇ ಇರಲಿಲ್ಲ. ಅದನ್ನು ಬರೆಯಬಾರದಾಗಿತ್ತೆಂದು ಸರ್ಲಿಂಗನು ಬಹಿರಂಗವಾಗಿ ಪರಿತಪಿಸಿದನು. ಸಾವಿಗೆ ಕಾರಣವಾದ ದ್ವೇಷವನ್ನು ನೋಡುಗರಿಗೆ ತಿಳಿಸಲು ಹೊರಟಾಗ ಹತ್ತು ಕೈಗಳು ತಡೆದಿದ್ದುವು. ಭಯವನ್ನು ಮಾರುವ ಕತೆಗೆ ಬಾಗಿಲು ತೆರೆದಿತ್ತು. ತಡೆಯುವವರ ವಿವೇಕ ಎಂತಹುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಕಡೆಯ ವರ್ಷಗಳಲ್ಲಿ ಅವನಿಗೆ ನೆಮ್ಮದಿ ಕೊಟ್ಟುದು ಪಾಠ ಹೇಳುವ ಕೆಲಸ. ಬಾಲ್ಯದ ಊರಿಗೆ ದೂರವಲ್ಲದ ಇಥಾಕಾ ಕಾಲೇಜಿನಲ್ಲಿ ಎಳೆಯರಿಗೆ ಬರೆವಣಿಗೆಯನ್ನು ಕಲಿಸುತ್ತಿದ್ದನು. ತಾನು ಬರೆದುದರಲ್ಲಿ ಕಾಲವನ್ನು ಗೆದ್ದು ನಿಲ್ಲುವಂತಹುದು ಹೆಚ್ಚಿಲ್ಲ, ಆ ಹೊತ್ತಿಗೆ ಸಾಕಾದುದು ಮಾತ್ರ ಎಂಬುದು ಅವನು ತನ್ನ ಬಗೆಗೆ ಕೊಟ್ಟ ತೀರ್ಪು. 1975ರ ಜೂನ್ 28ರಂದು, ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ, ರಾಚೆಸ್ಟರ್ ನಗರದ ಆಸ್ಪತ್ರೆಯಲ್ಲಿ ಅವನು ತೀರಿಕೊಂಡನು. ಇನ್ನೂ ಐವತ್ತೊಂದು ತುಂಬಿರಲಿಲ್ಲ.

ಕಾಲ ಆ ತೀರ್ಪನ್ನು ಒಪ್ಪಲಿಲ್ಲ. ಮುಸ್ಸಂಜೆಯ ಸೀಮೆಯನ್ನು 1985, 2002 ಮತ್ತು 2019ರಲ್ಲಿ ಹೊಸ ತಲೆಮಾರಿನವರು ಹೊಸದಾಗಿ ಕಟ್ಟಿದರು. 2013ರಲ್ಲಿ ಅಮೆರಿಕದ ಚಿತ್ರಕಥೆಗಾರರ ಸಂಘ ಅತ್ಯುತ್ತಮವಾಗಿ ಬರೆದ ಟೆಲಿವಿಷನ್ ಮಾಲೆಗಳ ಪಟ್ಟಿ ಮಾಡಿದಾಗ ಅದಕ್ಕೆ ಮೂರನೆಯ ಸ್ಥಾನ ಸಂದಿತು. 2011ರಲ್ಲಿ ಆರಂಭವಾದ ‘ಬ್ಲ್ಯಾಕ್ ಮಿರರ್’ ಎಂಬ ಬ್ರಿಟಿಷ್ ಮಾಲೆಯನ್ನು ರಚಿಸಿದ ಚಾರ್ಲಿ ಬ್ರೂಕರ್ ತನಗೆ ಸ್ಫೂರ್ತಿ ಸರ್ಲಿಂಗನಿಂದ ಬಂದುದನ್ನು ಮುಚ್ಚಿಡಲಿಲ್ಲ. ಇವರಿಗೆಲ್ಲ ಸರ್ಲಿಂಗನ ಉಪಾಯ ಒಂದು ಕಲೆಯಾಗಿ ದೊರಕಿತು. ಅವನಿಗೆ ಅದು ಗಾಯದ ಮೇಲಿನ ಬಟ್ಟೆಯಾಗಿ ದೊರಕಿದ್ದಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬಾಲಕನನ್ನು ಯೆಹೂದಿಯನ್ನಾಗಿ, ಯೆಹೂದಿಯನ್ನು ಪರದೇಶಿಯನ್ನಾಗಿ, ಪರದೇಶಿಯನ್ನು ಕತ್ತಲೆಯ ಬೀದಿಯಲ್ಲಿ ನಡೆದು ಬರುವ ನೆರೆಯವನನ್ನಾಗಿ ಮಾಡಿದಾಗ, ಕಥೆ ಎಲ್ಲರಿಗೂ ಸೇರಿತು, ನಿಜ. ಆದರೆ ಎಮ್ಮೆಟ್ ಟಿಲ್‌ನ ಹೆಸರು ಅದರಿಂದ ಬಿದ್ದುಹೋಯಿತು. ಪೆಟ್ಟಿಗೆಯ ಮುಚ್ಚಳವನ್ನು ತೆಗೆದಿಟ್ಟ ಆ ತಾಯಿ ಲೋಕದ ಮುಂದೆ ಇಟ್ಟುದು ನೀತಿಕಥೆಯನ್ನಲ್ಲ, ತನ್ನ ಮಗನ ಮುಖವನ್ನು. ಉಪಾಯದಿಂದ ಹೇಳಿದ ನಿಜಕ್ಕೆ ಕಾಲು ಬಂದು ಅದು ದೂರ ನಡೆದೀತು. ಹೆಸರು ಹಿಡಿದು ಹೇಳಿದ ನಿಜ ಒಂದೇ ಕಡೆ ನಿಂತು, ಅಲ್ಲಿಂದ ಕದಲೆನೆಂದು ಹಟ ಹಿಡಿದೀತು. ಲೋಕಕ್ಕೆ ಎರಡೂ ಬೇಕು. ಒಂದನ್ನು ಸರ್ಲಿಂಗ್ ಮಾಡಿದನು. ಇನ್ನೊಂದನ್ನು ಅವನಿಂದ ಮಾಡಗೊಡಲಿಲ್ಲ. ಅದನ್ನು ಮೇಮಿ ಟಿಲ್ ತನ್ನ ಕೊನೆಯ ಉಸಿರಿನವರೆಗೂ ಮಾಡಿದಳು. ದ್ವೇಷದಿಂದ ಗುಂಪುಗೂಡಿ ಕೊಲ್ಲುವುದನ್ನು ಅಮೆರಿಕದ ಕೇಂದ್ರ ಸರಕಾರ ಪ್ರತ್ಯೇಕ ಅಪರಾಧವೆಂದು ಸಾರಿದುದು 2022ರ ಮಾರ್ಚ್ 29ರಂದು. ಆ ಶಾಸನದ ಹೆಸರಿನಲ್ಲಿ ಎಮ್ಮೆಟ್ ಟಿಲ್ ಎಂಬ ಎರಡು ಪದಗಳಿವೆ. ನಾಟಕವೊಂದರಲ್ಲಿ ಉಳಿಯಗೊಡದಿದ್ದ ಆ ಹೆಸರು ದೇಶದ ಕಾನೂನಿನ ಪುಸ್ತಕದಲ್ಲಿ ಸೇರಲು ಅರವತ್ತಾರು ವರ್ಷ ಹಿಡಿಯಿತು.

ಬಿಂಗ್‌ಹ್ಯಾಮ್ಟನ್ನಿನ ಉದ್ಯಾನದಲ್ಲಿ, ಬ್ಯಾಂಡು ನುಡಿಸುವ ಹಳೆಯ ಮಂಟಪದ ನೆಲದಲ್ಲಿ, ಸರ್ಲಿಂಗನ ಹೆಸರನ್ನೂ ಆ ಹುಟ್ಟೂರಿನ ಕತೆಯ ಹೆಸರನ್ನೂ ಕೆತ್ತಿದ ಒಂದು ಫಲಕವಿದೆ. ಹತ್ತಿರದಲ್ಲಿಯೇ ಮರದ ಕುದುರೆಗಳು. ಬೇಸಗೆ ಬಂದರೆ ಇಂದಿಗೂ ಸುತ್ತುತ್ತವೆ. ಏರುವ ಮಕ್ಕಳಿಂದ ಕಾಸು ಕೇಳುವುದಿಲ್ಲ.